ಅಣ್ಣನ ನಂಬರಿನ ಹಾಲು

“ಅತ್ತೇನ ಮಾತ್ರ ಏನೂ ಕೇಳ್ಬೇಡಿ ಮೇಡಂ.”

ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ದಿವ್ಯ ತಾನಾಗಿ ಬಾಯಿಬಿಟ್ಟು ಆಡಿದ ಮಾತು ಅದೊಂದೇ. ಮೇಜಿನ ಈಚೆಗಿದ್ದ ಸಬ್‌ಇನ್‌ಸ್ಪೆಕ್ಟರ್ ನಿಖಾತ್ ಬರೆಯುವುದನ್ನು ನಿಲ್ಲಿಸಿದಳು.

“ಯಾಕೆ? ಅವರನ್ನ ಕೇಳಿದ್ರೆ ಏನಾಗುತ್ತೆ?”

ದಿವ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಅವಳ ಗಂಡ ಜಯಕುಮಾರ್ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಸತ್ತು ಎರಡು ವಾರವಾಗಿತ್ತು. ಸೊಸೆಯೇ ಸೂಜಿ ಚುಚ್ಚಿ ಚುಚ್ಚಿ ಕೊಂದಳೆಂದು ಅತ್ತೆ ಬೋರಮ್ಮ ಎದೆ ಬಡಿದುಕೊಂಡಿದ್ದಳು, ಮೈದುನ ಅಶ್ವಥ್ ದೂರಿಗೆ ಸಹಿ ಹಾಕಿದ್ದ.

“ಇಂಜಕ್ಷನ್ ಹಾಕ್ತಿದ್ದದ್ದು ನೀನೇ ತಾನೆ?”

“ಹೂಂ. ನರ್ಸಮ್ಮ ಹೇಳ್ಕೊಟ್ಟಿದ್ರು.”

“ಮೂರು ವಾರಕ್ಕೊಂದು ಇದ್ದದ್ದು ಎರಡು ವಾರಕ್ಕೊಂದು ಆಯ್ತಲ್ಲ, ಅದು?”

“ಡಾಕ್ಟ್ರು ಜಾಸ್ತಿ ಮಾಡಿದ್ರು. ನಾನ್ ಹಾಕ್ದೆ.”

“ಮುಖ ಕೆಂಪಗಾಗಿತ್ತು, ತಲೆನೋವು ಅಂತಿದ್ರು ಅಂತ ನೀನೇ ಹೇಳಿದ್ದೀಯ. ಅನುಮಾನ ಬರ್ಲಿಲ್ವಾ?”

“ನೋಡಿದೋರೆಲ್ಲ ಕಳೆ ಬಂದೈತೆ ಅಂತಿದ್ರು ಮೇಡಂ.” ದಿವ್ಯ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. “ನಾನೂ ದೃಷ್ಟಿ ತೆಗೆದೆ.”

ನಿಖಾತ್ ಕಿಟಕಿಯತ್ತ ತಿರುಗಿದಳು. ಸಾಯುವುದಕ್ಕೆ ಹತ್ತಿರವಾಗುತ್ತಿದ್ದ ಗಂಡನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ ಹೆಂಗಸು ಇವಳು. ಕೊಲೆಗಾತಿ ಹೀಗಿರುತ್ತಾಳೆಯೇ? ಇರಲೂಬಹುದು. ಪೊಲೀಸು ಕೆಲಸದಲ್ಲಿ ಮುಖ ನೋಡಿ ಮಣೆ ಹಾಕುವವರು ಉದ್ಧಾರವಾದದ್ದಿಲ್ಲ.

ಜಯಕುಮಾರನ ಕಥೆಯೇ ಮರುಕ ಹುಟ್ಟಿಸುವಂಥದ್ದು. ಮೂರು ವರ್ಷದ ಹಿಂದೆ ತಲೆಯೊಳಗೆ ಗೆಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಗೆಡ್ಡೆಯ ಜೊತೆಗೆ ಮೈಯ ಕಸುವೂ ಹೋಯಿತು. ಊರು ಬಿಟ್ಟು ಹೆಂಡತಿ ಮಗಳೊಂದಿಗೆ ಹಾರೋಹಳ್ಳಿಯಲ್ಲಿದ್ದು, ಅಲ್ಲಿನ ಫ್ಯಾಕ್ಟರಿಯಲ್ಲಿ ಒಂದೇ ಕೈಯಲ್ಲಿ ಮೂಟೆ ಎಳೆಯುತ್ತಿದ್ದವನು ಮೆಟ್ಟಿಲು ಹತ್ತಲು ಏದುಸಿರು ಬಿಡುವಂತಾದ. ಮೀಸೆ ತೆಳ್ಳಗಾಯಿತು. ಜೊತೆಯವರು ‘ಅಕ್ಕಾ’ ಎಂದು ಕೂಗಿ ನಗುತ್ತಿದ್ದರಂತೆ.

ಆಮೇಲೆ ಟೆಸ್ಟೋಸ್ಟೆರಾನ್ ಇಂಜಕ್ಷನ್ ಶುರುವಾಯಿತು. ಮೈ ತಾನಾಗಿ ಮಾಡಿಕೊಳ್ಳಲಾರದ ಗಂಡು ಹಾರ್ಮೋನನ್ನು ಹೊರಗಿನಿಂದ ತುಂಬುವ ಚಿಕಿತ್ಸೆ. ಮೀಸೆ ಬಂತು, ನಡಿಗೆ ಬಂತು, ನಗು ಬಂತು. ಕೊನೆಗೆ ಸಾವೂ ಬಂತು.

“ನಾಳೆ ಅವಳನ್ನ ಅರೆಸ್ಟ್ ತೋರಿಸಿ ಕೋರ್ಟಿಗೆ ಕೊಡಿ, ಎಳೀಬೇಡಿ” ಎಂದು ಸರ್ಕಲ್ ಸಾಹೇಬರು ಬೆಳಿಗ್ಗೆಯೇ ಹೇಳಿಯಾಗಿತ್ತು. ದಿವ್ಯಳ ಆರು ವರ್ಷದ ಮಗಳು ಸಿರಿ ಕುದೂರಿನಲ್ಲಿ ತಾಯಿಯ ಕಡೆಯ ಅಜ್ಜಿ ಮನೆಯಲ್ಲಿದ್ದಳು. ಅಪ್ಪನಿಲ್ಲದ ಮಗುವಿನ ಕೈಯಿಂದ ಅಮ್ಮನನ್ನೂ ಬಿಡಿಸುವ ಕಾಗದಕ್ಕೆ ನಿಖಾತಳೇ ಸಹಿ ಹಾಕಬೇಕಾಗಿತ್ತು. ಹಾಕುವ ಮುಂಚೆ ಒಂದು ಪ್ರಶ್ನೆಗೆ ಅವಳಿಗೆ ಉತ್ತರ ಬೇಕಿತ್ತು. ಕೊನೆಗೆ ಅಷ್ಟು ಕೆಟ್ಟಿದ್ದ ರಕ್ತ, ಅದಕ್ಕೂ ಮುಂಚಿನ ರಿಪೋರ್ಟಿನಲ್ಲಿ ಯಾಕೆ ಅಷ್ಟು ಒಳ್ಳೆಯದಾಗಿ ಕಂಡಿತು?

“ಜೀಪು ತೆಗೀರಿ ದಾಸಪ್ಪ. ಚನ್ನಪಟ್ಟಣ.”

ಹಳೇ ಕಾನ್‌ಸ್ಟೇಬಲ್ ದಾಸಪ್ಪ ಸ್ಟೇರಿಂಗ್ ಹಿಂದೆ ಕೂತು ನಿಟ್ಟುಸಿರಿಟ್ಟ. “ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ ಮೇಡಂ. ಈ ಹೆಣ್ಮಗಳಿಗೆ ಯಾವ ಕಾಲಾನೂ ಬರ್ಲಿಲ್ಲ ನೋಡಿ.”

*

ಜಯಕುಮಾರನಿಗೆ ಇಂಜಕ್ಷನ್ ಬರೆದುಕೊಟ್ಟಿದ್ದ ಡಾಕ್ಟರ್ ಚೈತ್ರಾ ರೋಗಿಗಳನ್ನೆಲ್ಲ ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಎರಡು ವಾರದಿಂದ ಅವರೂ ನಿದ್ದೆ ಮಾಡಿದಂತಿರಲಿಲ್ಲ.

ಮೇಜಿನ ಮೇಲೆ ಜಯಕುಮಾರನ ಮೂರು ರಕ್ತದ ರಿಪೋರ್ಟುಗಳನ್ನು ನಿಖಾತ್ ಸಾಲಾಗಿ ಇಟ್ಟಳು. ಪಕ್ಕದಲ್ಲಿ ನಾಲ್ಕನೆಯದು, ಅವನನ್ನು ಕೊನೆಗೆ ಸೇರಿಸಿದ ಆಸ್ಪತ್ರೆಯದು.

“ನಂಗೆ ಅರ್ಥವಾಗೋ ಹಾಗೆ ಹೇಳಿ ಡಾಕ್ಟ್ರೇ.”

“ಮೊದಲು ಈ ಸಾಲು ನೋಡಿ. ಪಿಸಿವಿ.” ಚೈತ್ರಾ ಬೆರಳಿಟ್ಟರು. “ನೂರು ಪಾಲು ರಕ್ತದಲ್ಲಿ ಕೆಂಪು ಕಣ ಎಷ್ಟು ಪಾಲು ಅನ್ನೋ ಲೆಕ್ಕ. ಟೆಸ್ಟೋಸ್ಟೆರಾನ್ ಕೊಟ್ಟಾಗ ಮೂಳೆಯೊಳಗೆ ಕೆಂಪು ಕಣ ಜಾಸ್ತಿ ಹುಟ್ಟುತ್ತೆ. ಒಂದು ಮಟ್ಟದವರೆಗೆ ಒಳ್ಳೇದೇ. ಐವತ್ನಾಲ್ಕು ದಾಟಿದರೆ ರಕ್ತ ಮಂದವಾಯ್ತು ಅಂತ. ಇಂಜಕ್ಷನ್ ನಿಲ್ಲಿಸಬೇಕು. ಇಲ್ಲದಿದ್ದರೆ ಎಲ್ಲಾದರೂ ಹೆಪ್ಪುಗಟ್ಟುತ್ತೆ.”

ಮೊದಲ ರಿಪೋರ್ಟಿನಲ್ಲಿ ಐವತ್ತಮೂರು ಇತ್ತು.

“ಅವತ್ತು ಎಚ್ಚರಿಸಿದ್ದೆ. ಇನ್ನೊಂಚೂರು ಏರಿದ್ರೆ ನಿಲ್ಲಿಸ್ತೀನಿ, ಹೋಗಿ ರಕ್ತದಾನ ಮಾಡಿ, ಒಂದಿಷ್ಟು ಇಳಿಯುತ್ತೆ ಅಂದೆ. ಅವನ ಮುಖ ಸಣ್ಣಗಾಯ್ತು. ‘ನಿಲ್ಲಿಸಬೇಡಿ ಮೇಡಂ, ಮತ್ತೆ ನಾನು ಹಂಗಾಗಲಾರೆ’ ಅಂದ. ಮುಂದಿನ ಸಲ ರಿಪೋರ್ಟ್ ತಂದ. ನಲವತ್ತೈದು. ರಕ್ತ ಕೊಟ್ಟೆ ಮೇಡಂ ಅಂದ. ನಾನು ನಂಬಿದೆ.”

“ಮೂರನೇದು?”

“ಮೂವತ್ತಾರು. ಟೆಸ್ಟೋಸ್ಟೆರಾನ್ ಇದ್ದೂ ಇಲ್ಲದ ಹಾಗೆ, ಸೊನ್ನೆ ಪಾಯಿಂಟ್ ಎರಡು. ರಕ್ತವೂ ಕಮ್ಮಿ, ಹಾರ್ಮೋನೂ ಕಮ್ಮಿ. ಡೋಸ್ ಸಾಲ್ತಿಲ್ಲ ಅಂದುಕೊಂಡು ಎರಡು ವಾರಕ್ಕೊಂದು ಮಾಡಿದೆ.”

ನಿಖಾತ್ ನಾಲ್ಕನೆಯದನ್ನು ಮುಂದಕ್ಕೆ ತಳ್ಳಿದಳು. ಆಸ್ಪತ್ರೆಗೆ ಸೇರಿಸಿದ ದಿನದ ಪಿಸಿವಿ ಅರವತ್ತಮೂರು.

“ಮೂವತ್ತಾರು ಇದ್ದದ್ದು ಎರಡೂವರೆ ತಿಂಗಳಲ್ಲಿ ಅರವತ್ತಮೂರಕ್ಕೆ ಹೋಗುತ್ತಾ?”

“ಹೋಗಲ್ಲ.” ಚೈತ್ರಾ ಕನ್ನಡಕ ತೆಗೆದರು. “ಅದಕ್ಕೇ ನೆನ್ನೆ ಇವನ್ನೆಲ್ಲ ಮತ್ತೆ ತೆಗೆದು ನೋಡಿದೆ. ನೀವು ನನ್ನ ಮೇಲೂ ಕೇಸ್ ಹಾಕಬಹುದು ನಿಖಾತ್. ಪ್ರತಿ ರಿಪೋರ್ಟಿಗೂ ಎರಡನೇ ಪುಟ ಇದೆ. ಹೊರಗೆ ನಲವತ್ತು ಜನ ಕಾಯ್ತಿರ್ತಾರೆ. ನಾನು ಪುಟ ತಿರುಗಿಸಲಿಲ್ಲ.”

ಅವರು ಈಗ ತಿರುಗಿಸಿದರು.

“ಎಲ್ಎಚ್, ಎಫ್ಎಸ್ಎಚ್ ಅಂತ ಇದೆಯಲ್ಲ, ಇವು ತಲೆಯೊಳಗಿನ ಒಂದು ಸಣ್ಣ ಗ್ರಂಥಿಯಿಂದ ಹೊರಡೋ ಅಪ್ಪಣೆಗಳು. ‘ಹಾರ್ಮೋನ್ ಮಾಡು’ ಅಂತ ಕೆಳಗಿನವರಿಗೆ ಹೇಳೋದು. ಜಯಕುಮಾರನಿಗೆ ಗೆಡ್ಡೆ ಬಂದಿದ್ದೇ ಆ ಗ್ರಂಥಿಗೆ. ಅವನಲ್ಲಿ ಅಪ್ಪಣೆ ಕೊಡೋರೇ ಇಲ್ಲ. ಅದರ ಮೇಲೆ ಹೊರಗಿನಿಂದ ಇಂಜಕ್ಷನ್ ಬೇರೆ. ಎರಡೂ ಸೊನ್ನೆಗೆ ಹತ್ತಿರ ಇರಲೇಬೇಕು.”

ಮೊದಲ ರಿಪೋರ್ಟಿನಲ್ಲಿ ಹಾಗೇ ಇತ್ತು. ಎರಡನೆಯದರಲ್ಲಿ ಎಲ್ಎಚ್ ನಾಲ್ಕೂವರೆ, ಎಫ್ಎಸ್ಎಚ್ ಐದು.

“ಇದರಲ್ಲಿ ತಪ್ಪೇನೂ ಕಾಣ್ತಿಲ್ಲವಲ್ಲ. ಎಲ್ಲಾ ನಾರ್ಮಲ್ ಅಂತಲೇ ಬರೆದಿದೆ.”

“ಅದೇ ತಪ್ಪು. ಆರೋಗ್ಯವಾಗಿರೋ ಗಂಡಸಿಗೆ ಇದು ನಾರ್ಮಲ್. ಜಯಕುಮಾರನಿಗಲ್ಲ. ಈ ರಕ್ತ ಅವನದಲ್ಲ.”

ಗೋಡೆಯ ಮೇಲಿನ ಫ್ಯಾನು ಕರಕರ ಎನ್ನುತ್ತಿತ್ತು. ನಿಖಾತ್ ಮೂರನೆಯ ರಿಪೋರ್ಟನ್ನು ಕೈಗೆತ್ತಿಕೊಂಡಳು. ಎಫ್ಎಸ್ಎಚ್ ಎದುರಿಗೆ ಎಪ್ಪತ್ತೊಂದು ಎಂದಿತ್ತು.

“ಇದು?”

ಚೈತ್ರಾ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ನಂಗನ್ನಿಸಿದ್ದನ್ನ ಈಗಲೇ ಬಾಯಿಬಿಟ್ಟು ಹೇಳೋಕೆ ಧೈರ್ಯವಿಲ್ಲ. ಮೆಷೀನಿನ ತಪ್ಪೋ ಏನೋ ಅಂತ ಲ್ಯಾಬಿನವರನ್ನ ಕೇಳಿದ್ದೀನಿ. ಸಂಜೆಯೊಳಗೆ ಫೋನ್ ಮಾಡ್ತೀನಿ.”

“ರಕ್ತ ತೆಗೆದದ್ದು ಎಲ್ಲಿ?”

“ವಿರೂಪಾಕ್ಷಿಪುರದ ಕಡೆ, ಅವರ ಊರಲ್ಲೇ. ಲ್ಯಾಬಿನ ಅಜರ್ ಅನ್ನೋನು ಭಾನುವಾರ ಬೈಕಿನಲ್ಲಿ ಹೋಗಿ ಹಾಲಿನ ಡೈರಿ ಜಗಲಿ ಮೇಲೆ ಕೂತು ಶುಗರ್ರು, ಅದು ಇದು ಅಂತ ಎಲ್ಲರ ರಕ್ತಾನೂ ತಗೊಂಡು ಬರ್ತಾನೆ. ಚೀಟಿಯಲ್ಲಿರೋ ಹೆಸರನ್ನ ಟ್ಯೂಬಿನ ಮೇಲೆ ಬರೀತಾನೆ. ಅಷ್ಟೇ.”

*

ಊರು ತಲುಪುವಾಗ ಸಂಜೆ ಹಾಲು ಹಾಕುವ ಹೊತ್ತು. ಡೈರಿಯ ಮುಂದೆ ಕ್ಯಾನು, ತಂಬಿಗೆ, ಬಕೆಟ್ಟು ಹಿಡಿದ ಹೆಂಗಸರು ಗಂಡಸರ ಸಾಲು. ಜೀಪು ನೋಡಿದ್ದೇ ಮಾತು ತಗ್ಗಿತು. ಊರ ಬಾಯಿಗೆ ಎರಡು ವಾರದಿಂದ ಬೇರೆ ಮೇವಿರಲಿಲ್ಲ.

ಸೆಕ್ರೆಟರಿ ಮರಿಯಪ್ಪ ಗಾಜಿನ ಕೊಳವೆಯನ್ನು ಹಾಲಿನಲ್ಲಿ ಮುಳುಗಿಸಿ ಹಾಲು ಎಷ್ಟು ಗಟ್ಟಿ ಎಂದು ಡಿಗ್ರಿ ನೋಡುತ್ತಿದ್ದ. ಸಾಲಿನಲ್ಲಿ ಅಶ್ವಥ್ ಇದ್ದ. ಮೂವತ್ತರ ಗಟ್ಟಿ ಆಳು, ತಿಥಿಗೆ ಬೋಳಿಸಿದ ತಲೆಯಲ್ಲಿ ಈಗಷ್ಟೇ ಕೂದಲು ಚಿಗುರುತ್ತಿತ್ತು. ಅವನು ನಿಖಾತಳನ್ನು ನೋಡಿಯೂ ನೋಡದವನಂತೆ ಕ್ಯಾನು ಎತ್ತಿದ.

ಒಂದಿಷ್ಟು ಹಾಲು ಡೈರಿಯಲ್ಲಿ ತನ್ನ ಹೆಸರಿಗಿದ್ದ ನಂಬರಿಗೆ ಹಾಕಿದ. ಅದೇ ಕ್ಯಾನಿನಿಂದ ಮತ್ತಷ್ಟು ಹಾಲು ಅಳೆದು ಮೆಲ್ಲಗೆ, “ಅಣ್ಣನ ನಂಬರ್ಗೆ” ಎಂದ.

ಮರಿಯಪ್ಪ ಏನೂ ಕೇಳದೆ ಬರೆದುಕೊಂಡ. ಸಾಲಿನಲ್ಲಿ ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಶ್ವಥ್ ಖಾಲಿ ಕ್ಯಾನು ಹಿಡಿದು ರೇಷ್ಮೆಯ ಹುಳುಮನೆಯ ಕಡೆ ನಡೆದ.

“ಸತ್ತೋರ ಹೆಸರಲ್ಲಿ ಹಾಲು ತಗೋತೀರಾ?” ನಿಖಾತ್ ಜಗಲಿ ಹತ್ತಿ ಕೇಳಿದಳು.

“ಬ್ಯಾಡ ಅನ್ನೋಕೆ ಬಾಯಿ ಬರಕಿಲ್ಲ ಮೇಡಂ.” ಮರಿಯಪ್ಪ ಕೈ ಒರೆಸಿಕೊಂಡ. “ಜಯಣ್ಣ ಹಾರೋಹಳ್ಳಿಗೆ ಓದ ಮ್ಯಾಕೆ ಅವನ ಹಸೀನ ಬೋರಕ್ಕನೇ ನೋಡ್ಕಂತಿದ್ರು. ಅದ್ರ ಹಾಲು ನೀರ್ ನೀರು, ಡಿಗ್ರೀನೇ ಬತ್ತಿರ್ಲಿಲ್ಲ. ವಾಪಸ್ ಕಳಿಸ್ತೀವಲ್ಲ ನಾವು. ಅದ್ಕೆ ತಮ್ಮ ತನ್ ಹಸೀನ ಹಾಲ್ನೇ ಅಣ್ಣನ ನಂಬರ್ಗೆ ಹುಯ್ತಿದ್ದ. ಇವತ್ತಿನದಲ್ಲ ಇದು, ವರ್ಸಗಳಿಂದ್ಲೂ ಹಂಗೇಯ.”

“ನಿಮಗೆ ಗೊತ್ತಿದ್ದೂ?”

“ಎಲ್ರ ಮನೇಲೂ ಇದೇಯ. ಒಬ್ರ ಹಾಲು ಕೆಟ್ರೆ ಇನ್ನೊಬ್ರು ಹುಯ್ತಾರೆ. ಯಾರ್ಗೂ ಮೋಸ ಇಲ್ಲ. ಟೆಸ್ಟ್ ಪಾಸಾದ್ರೆ ಆಯ್ತಲ್ಲ.”

ನಿಖಾತ್ ಆ ಜಗಲಿಯನ್ನೇ ನೋಡುತ್ತ ನಿಂತಳು. ಭಾನುವಾರ ಬೆಳಿಗ್ಗೆ ಇದೇ ಜಗಲಿಯ ಮೇಲೆ ಅಜರ್ ಕೂರುತ್ತಿದ್ದ. ಇದೇ ಸಾಲು. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಲ್ಯಾಬಿನ ಚೀಟಿ.

ಅವಳಿಗೆ ಉತ್ತರ ಸಿಕ್ಕಿತ್ತು. ಕಳ್ಳ ಸಿಕ್ಕಿದ ಖುಷಿ ಮಾತ್ರ ಆಗಲಿಲ್ಲ.

*

ಹುಳುಮನೆಯ ಬಾಗಿಲಲ್ಲಿ ನಿಖಾತ್ ಬೂಟು ಬಿಚ್ಚಿದಳು. ರಾಮನಗರದ ರೇಷ್ಮೆ ನೂಲು ತೆಗೆಯುವವರ ಮನೆಯ ಮಗಳಾದ ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಒಳಗೆ ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಸಣ್ಣ ಮಳೆಯಂತೆ.

ಅಶ್ವಥ್ ಸೊಪ್ಪಿನ ಕಂತೆ ಹಿಡಿದು ನಿಂತಿದ್ದ.

“ಅವಳನ್ನ ಒಳಗಾಕಿದ್ರಾ ಮೇಡಂ?”

“ನಾಳೆ.”

“ಸರಿ.” ಅವನು ಸೊಪ್ಪು ಹರಡತೊಡಗಿದ. “ಅಣ್ಣನ್ನ ತಿಂದ್ಬುಟ್ಲು. ಬುಡಬಾರ್ದು.”

“ಅಶ್ವಥ್, ನಿಮ್ಮಣ್ಣನ ಹಸೀನ ಹಾಲು ಡಿಗ್ರಿ ಬರಲ್ವಂತೆ.”

“ಬರಕಿಲ್ಲ.”

“ನಿನ್ನ ಹಸೀದು ಬರುತ್ತೆ.”

“ಬತ್ತದೆ. ಯಾಕೆ?”

“ನಿನ್ನ ಎಡಗೈ ತೋರ್ಸು.”

ಅವನ ಕೈ ಅಲ್ಲೇ ನಿಂತಿತು. ಕಂತೆಯಿಂದ ಎರಡು ಎಲೆ ಕೆಳಗೆ ಬಿದ್ದವು.

“ಲ್ಯಾಬಿನ ಅಜರ್ ಈಗಿನ್ನೂ ಠಾಣೆಗೆ ಬಂದಿಲ್ಲ. ಬಂದು ನಿನ್ನ ಗುರುತು ಹಿಡಿಯೋ ಮುಂಚೆ ನೀನೇ ಹೇಳಿದ್ರೆ ಒಳ್ಳೇದು. ಅಣ್ಣನ ಹೆಸರಲ್ಲಿ ರಕ್ತ ಕೊಟ್ಟೋನು ನೀನು ತಾನೆ?”

ಅಶ್ವಥ್ ಹುಳುವಿನ ತಟ್ಟೆಯ ಅಂಚು ಹಿಡಿದುಕೊಂಡ.

“ಅದೇನ್ ತಪ್ಪಾ ಮೇಡಂ?” ಎಂದ. ದನಿ ಮಗುವಿನದಾಗಿತ್ತು. “ಅಣ್ಣ ಫೋನ್ ಮಾಡಿ ಅತ್ತ. ಗಂಡಸು ಮೇಡಂ, ನನ್ನ ತನ್ ಭುಜದ ಮ್ಯಾಲೆ ಕೂರಿಸ್ಕಂಡು ಸಾಕ್ದೋನು, ಫೋನಲ್ಲಿ ಅತ್ತ. ‘ಈ ಸಲ ರಕ್ತ ಜಾಸ್ತಿ ಬಂದ್ರೆ ಇಂಜಕ್ಷನ್ ನಿಲ್ಲಿಸ್ತಾರಂತೆ ಕಣ್ಲಾ, ಮತ್ತೆ ನನ್ನ ಅಕ್ಕ ಅಂತಾರೆ ಕಣ್ಲಾ’ ಅಂದ. ನಾನು, ‘ಅಷ್ಟುಕ್ಕೆ ಯಾಕ್ ಅಳ್ತೀಯ, ಟೆಸ್ಟ್ ಪಾಸಾಗ್ಬೇಕು ತಾನೆ, ನಾನ್ ಕೊಡ್ತೀನಿ ಬುಡು’ ಅಂದೆ.”

“ರಕ್ತ ಹಾಲಲ್ಲ ಅಶ್ವಥ್.”

“ನಂಗೇನ್ ಗೊತ್ತು? ಹಾಲು ಕೆಟ್ರೆ ವಾಪಸ್ ಬತ್ತದೆ. ರಕ್ತ ಕೆಟ್ರೆ ಆಳೇ ಓಗ್ಬುಡ್ತಾನೆ ಅಂತ ಯಾರ್ ಯೋಳಿದ್ರು ನಂಗೆ?”

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಬೋಳು ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅತ್ತ. ನಿಖಾತ್ ಅವನನ್ನು ಅಳಲು ಬಿಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು, ಅದಕ್ಕೆ ಅವಳು ನಾಚಲಿಲ್ಲ. ಪ್ರೀತಿಗೆ ಇಷ್ಟು ಕೆಟ್ಟ ಕೂಲಿ ಸಿಕ್ಕಿದ್ದನ್ನು ಅವಳು ಈ ನೌಕರಿಯಲ್ಲಿ ನೋಡಿರಲಿಲ್ಲ.

“ಇದು ಗೊತ್ತಿದ್ದೂ ಅತ್ತಿಗೆ ಮೇಲೆ ದೂರು ಕೊಟ್ಯಾ?”

“ನಾನು ಕೊಟ್ಟಿದ್ದು ಒಂದೇ ಸಲ ಮೇಡಂ, ಆವತ್ತು ಡೋಸ್ ಏನೂ ಜಾಸ್ತಿ ಮಾಡ್ಲಿಲ್ಲ. ಮೂರನೇ ರಿಪೋರ್ಟ್ ಬಂದ ಮ್ಯಾಕೆ ತಾನೆ ಜಾಸ್ತಿ ಆಗಿದ್ದು? ಇದು ಅವಳದೇ ಕೆಲಸ ಅನ್ಕಂಡೆ. ಹಂಗ್ ಅನ್ಕೊಳ್ದಿದ್ರೆ ನಾನ್ ಬದುಕೋದ್ ಹೆಂಗೆ?”

“ಮೂರನೇ ಸಲ ನೀನು ಕೊಡ್ಲಿಲ್ವಾ?”

“ಇಲ್ಲ. ಅವತ್ತು ಹುಳ ಹಣ್ಣಾಗಿದ್ವು, ಗೂಡು ಕಟ್ಟಾಕೆ ಚಂದ್ರಿಕೆ ತಟ್ಟೆಗೆ ಬುಡ್ತಾ ಇದ್ದೆ. ಒಂದ್ ಗಳಿಗೆ ಬುಟ್ ಬಂದ್ರೆ ಇಡೀ ಬೆಳೆ ಓಯ್ತದೆ. ಬರಕ್ಕಾಗಕಿಲ್ಲ ಕಣಣ್ಣ ಅಂದೆ. ಅಣ್ಣಂಗೂ ಡ್ಯೂಟಿ ಇತ್ತು. ಮುಂದಿನ್ ವಾರ ನೋಡ್ಕಳವಾ ಅಂದ. ಆಮ್ಯಾಕೆ ಯಾರ್ ಕೊಟ್ರೋ ನಂಗ್ ಗೊತ್ತಿಲ್ಲ. ನನ್ ತಾಯಾಣೆ.”

ಜೇಬಿನಲ್ಲಿ ಫೋನು ನಡುಗಿತು. ಡಾಕ್ಟರ್ ಚೈತ್ರಾ. ನಿಖಾತ್ ಬಾಗಿಲ ಬಳಿ ಸರಿದಳು.

“ಮೆಷೀನ್ ಸರಿಯಾಗಿತ್ತು ನಿಖಾತ್. ನಾನು ಅಂದುಕೊಂಡದ್ದೇ ನಿಜ.” ಚೈತ್ರಾರ ಉಸಿರು ಕೇಳಿಸುತ್ತಿತ್ತು. “ಎಫ್ಎಸ್ಎಚ್ ಎಪ್ಪತ್ತೊಂದು, ಟೆಸ್ಟೋಸ್ಟೆರಾನ್ ಇಲ್ಲವೇ ಇಲ್ಲ ಅನ್ನೋಷ್ಟು, ರಕ್ತ ಮೂವತ್ತಾರು. ಆ ಮೂರನೇ ರಕ್ತ ಗಂಡಸಿನದೇ ಅಲ್ಲ. ಮುಟ್ಟು ನಿಂತು ವರ್ಷಗಳಾದ ಹೆಂಗಸಿನದು. ಅರವತ್ತರ ಹತ್ತಿರ ಇರಬಹುದು. ಅದನ್ನ ನೋಡಿ ನಾನು ಗಂಡಸಿಗೆ ಡೋಸ್ ಏರಿಸಿದೆ.”

ನಿಖಾತ್ ಫೋನು ಕಿವಿಯಿಂದ ಇಳಿಸುವುದಕ್ಕೂ ಅಂಗಳದಲ್ಲಿ ಬಳೆ ಸದ್ದಾಗುವುದಕ್ಕೂ ಸರಿಹೋಯಿತು.

ಬೋರಮ್ಮ ಎರಡು ಲೋಟ ಟೀ ಹಿಡಿದು ಬರುತ್ತಿದ್ದಳು. ಒಣಗಿದ ಸಣ್ಣ ಮೈ, ಎರಡು ವಾರದಿಂದ ಎಣ್ಣೆ ಕಾಣದ ನರೆಗೂದಲು. 

“ಕುಡಿ ತಾಯಿ. ನನ್ ಸೊಸೆ ಮ್ಯಾಲಿನ್ ಕ್ವಾಪ ನಿನ್ ಮ್ಯಾಲ್ಯಾಕೆ? ಮನೆಗ್ ಬಂದೋರ್ಗೆ ಒಸಿ ಟೀನಾದ್ರೂ ಕೊಡ್ದಿದ್ರೆ ಹೆಂಗೆ?”

ಅಶ್ವಥ್ ಎದ್ದು ನಿಂತ. ನಿಖಾತಳ ಮುಖದಲ್ಲಿ ಅವನೇನು ಕಂಡನೋ, ಅವ್ವನ ಮುಂದೆ ಬಂದು ನಿಂತುಬಿಟ್ಟ. “ಅವ್ವ, ನೀನ್ ಒಳೀಕ್ ಓಗು.”

“ಯಾಕ್ಲಾ?”

“ಓಗು ಅಂದ್ನಲ್ಲ!”

ನಿಖಾತ್ ಟೀ ಲೋಟ ತೆಗೆದುಕೊಂಡಳು. ಕೇಳಬಾರದು ಅನ್ನಿಸಿತು. ಕೇಳದಿದ್ದರೆ ನಾಳೆ ಕುದೂರಿನ ಮಗುವೊಂದು ಬಾಗಿಲು ಕಾಯುತ್ತಾ ಕೂರುತ್ತದೆ. ಅವಳು ಕೇಳಿದಳು.

“ಅವ್ವಾ, ಡೈರಿ ಹತ್ರ ಭಾನುವಾರ ರಕ್ತ ತಗೋತಾರಲ್ಲ, ನೀವು ಯಾವಾಗಾದ್ರೂ ಕೊಟ್ಟಿದ್ರಾ?”

ಬೋರಮ್ಮನ ಮುಖ ಅರಳಿತು. ಮಗ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲಿರಬೇಕು.

“ಕೊಟ್ಟಿವ್ನಿ ಕಣವ್ವ. ಒಂದ್ ಸಲ. ನನ್ ಮಗನ್ಗೋಸ್ಕರ.”

ಅಶ್ವಥ್ ಅವ್ವನ ಮುಂದಿನಿಂದ ಹಿಂದಕ್ಕೆ ಸರಿದ.

“ಇವ್ನು ಹುಳದ್ ಕೆಲಸದಲ್ಲಿದ್ದ. ಮುಂದಿನ್ ವಾರ ಅಂದ್ರೆ ಮತ್ತೆ ಇಂಜಕ್ಸನ್ ತಡ ಆಯ್ತದೆ, ಪಾಪ ನನ್ ಮಗ ಕಂಗಾಲಾಯ್ತಾನೆ. ಚೀಟಿ ಇತ್ತಲ್ಲ, ನಾನೇ ಓಗಿ ಕೂತ್ಕಂಡೆ. ಆ ಉಡ್ಗ, ‘ಅಜ್ಜಿ, ಇದು ಗಂಡಸ್ರ ಚೀಟಿ’ ಅಂದ. ‘ನನ್ ಹೊಟ್ಟೇಲಿ ಉಟ್ಟಿದೋನ್ ಕಣಪ್ಪ, ನನ್ದು ಬ್ಯಾರೆ ಅವನ್ದು ಬ್ಯಾರೆಯಾ? ಅಲ್ಲಿ ಸಾಲ್ ನಿಂತೈತೆ, ತಗೋ ಬ್ಯಾಗ’ ಅಂದೆ. ನಕ್ಬುಟ್ಟು ತಗಂಡ.” ಅವಳು ತೆಳ್ಳನೆಯ ತೋಳನ್ನು ಚಾಚಿ ಮೊಣಕೈ ಸಂದಿಯನ್ನು ತೋರಿಸಿದಳು. “ಇಲ್ಲಿ. ನೋವೇ ಆಗ್ಲಿಲ್ಲ.”

“ನೀವೊಬ್ರೇ ಹೋಗಿದ್ರಾ?” ನಿಖಾತಳಿಗೆ ತನ್ನ ದನಿ ತನಗೇ ಕೇಳಿಸಲಿಲ್ಲ.

“ಇಲ್ಲ ಕಣವ್ವ. ಆ ಚೀಟಿ ತಂದಿದ್ದೇ ಅವಳು, ದಿವ್ಯ. ರಾಗಿ ಹಿಟ್ ತಗಂಡೋಗಾಕೆ ಬಂದಿದ್ಲು. ನನ್ ಪಕ್ದಾಗೇ ಕೂತಿದ್ಲು, ಕೈ ಇಡ್ಕಂಡು.” ಸೊಸೆಯ ಹೆಸರು ಬಾಯಿಗೆ ಬಂದದ್ದೇ ಬೋರಮ್ಮನ ನಗು ಆರಿತು. “ಮೊದ್ಲು, ‘ಬ್ಯಾಡ ಅತ್ತೆ, ನಿಮ್ದು ಕೊಟ್ರೆ ಆಗಕಿಲ್ಲ’ ಅಂದ್ಲು. ಆಮ್ಯಾಕೆ ಅದೇನಾಯ್ತೋ, ಸುಮ್ಕಾಗ್ಬುಟ್ಲು. ಮನೇಗ್ ಬತ್ತಾ ದಾರೀಲಿ, ‘ಇದ ಯಾರ್ಗೂ ಯೋಳ್ಬೇಡಿ ಅತ್ತೆ’ ಅಂದ್ಲು.”

ನಿಖಾತಳ ಕೈಯ ಲೋಟದಲ್ಲಿ ಟೀ ಕೆನೆಗಟ್ಟುತ್ತಿತ್ತು.

ದಿವ್ಯಳಿಗೆ ಗೊತ್ತಿತ್ತು. ಆ ರಕ್ತ ಯಾರದೆಂದು ಗೊತ್ತಿತ್ತು, ಕೊಟ್ಟರೆ ಆಗುವುದಿಲ್ಲವೆಂದೂ ಗೊತ್ತಿತ್ತು. ಗೊತ್ತಿದ್ದೂ ಎರಡು ವಾರಕ್ಕೊಮ್ಮೆ ಗಂಡನ ತೊಡೆಗೆ ಸೂಜಿ ಇಳಿಸಿದಳು. ಅತ್ತೆಯನ್ನು ಮಾತ್ರ ಕೇಳಬೇಡಿ ಎಂದು ಬೆಳಿಗ್ಗೆ ಠಾಣೆಯಲ್ಲಿ ಅವಳು ತಾನಾಗಿ ಆಡಿದ ಒಂದೇ ಒಂದು ಮಾತು ಈಗ ನಿಖಾತಳ ಕಿವಿಯಲ್ಲಿ ಎರಡು ದನಿಯಲ್ಲಿ ಕೇಳಿಸಿತು. ಒಂದು ಸಿಕ್ಕಿಬೀಳುವ ಭಯದ್ದು. ಇನ್ನೊಂದು, ಮಗನನ್ನು ಕಳೆದುಕೊಂಡ ಮುದುಕಿಗೆ ಈ ಸತ್ಯ ತಿಳಿಯದಿರಲೆಂದು ಜೈಲಿಗೆ ಹೋಗಲೂ ಸಿದ್ಧಳಾದ ಹೆಂಗಸಿನದು. ಯಾವುದು ನಿಜ?

ಒಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾವುದೇ ಆಗಿರಲಿ, ನಾಳೆ ಕೋರ್ಟಿನಲ್ಲಿ ಮೂರನೆಯ ರಕ್ತ ಯಾರದೆಂದು ಗಟ್ಟಿಯಾಗಿ ಓದಬೇಕಾಗುತ್ತದೆ. ಬೋರಮ್ಮ ಅಲ್ಲೇ ಮುಂದಿನ ಬೆಂಚಿನಲ್ಲಿ ಕೂತಿರುತ್ತಾಳೆ.

ಅವ್ವನ ಬೆನ್ನ ಹಿಂದೆ ಅಶ್ವಥ್ ಎರಡೂ ಕೈ ಜೋಡಿಸಿ ನಿಂತಿದ್ದ. ಬೇಡ ಎಂದು ತಲೆಯಾಡಿಸುತ್ತಿದ್ದ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಬೋರಮ್ಮ ಇಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದಳು. ಚಾಚಿದ ತೋಳನ್ನು ನಿಧಾನವಾಗಿ ಸೆರಗಿನೊಳಗೆ ಎಳೆದುಕೊಂಡಳು.

“ಯಾಕವ್ವ ಇಂಗ್ ನೋಡ್ತೀಯ?” ಎಂದಳು. “ನನ್ ರಕ್ತದಾಗ್ ಏನಾರ ಕೆಟ್ಟದ್ ಬಂದಿತ್ತಾ?”